ಎಡಗೈಯಿಂದ ಬಡಿದ ರೊಟ್ಟಿ

ಆ ಚಿತ್ರದಲ್ಲಿದ್ದವಳು ಯಾರೆಂದು ಮೊದಲು ಗುರುತು ಹಿಡಿದದ್ದು ನಾನಲ್ಲ, ತೀರ್ಪುಗಾರರೂ ಅಲ್ಲ. ಗೋಡೆಗೆ ಮೊಳೆ ಹೊಡೆಯುತ್ತಿದ್ದ ಜವಾನ. ನಮ್ಮ ಕಲಬುರಗಿಯಲ್ಲಿ ಪ್ರತಿ ವರ್ಷ ನಡೆಯುವ ಒಂದು ಭಾವಚಿತ್ರ ಸ್ಪರ್ಧೆಯ ಪ್ರದರ್ಶನಕ್ಕೆ ಹಿಂದಿನ ದಿನ ಸಂಜೆ ಕೈಜೋಡಿಸಲು ಹೋಗಿದ್ದೆ. ಹೈಸ್ಕೂಲಿನ ಚಿತ್ರಕಲಾ ಶಿಕ್ಷಕನಿಗೆ ಊರಿನಲ್ಲಿ ಇಂಥ ಬಿಟ್ಟಿ ಕೆಲಸಗಳು ತಪ್ಪಿದ್ದಲ್ಲ. ಏಪ್ರಿಲ್ ತಿಂಗಳು, ಸಂಜೆ ಆರಾದರೂ ಗೋಡೆ ಮುಟ್ಟಿದರೆ ಬಿಸಿ. ಎರಡನೆಯ ಬಹುಮಾನ ಬಂದಿದ್ದ ಚಿತ್ರವನ್ನು ಎತ್ತಿ ಹಿಡಿದು ಎಡಕ್ಕೆ, ಬಲಕ್ಕೆ, ಸ್ವಲ್ಪ ಮೇಲಕ್ಕೆ ಎಂದು ನಾನು ಹೇಳುತ್ತಿದ್ದರೆ, ಜವಾನ ಸುತ್ತಿಗೆ ಕೆಳಗಿಟ್ಟು ಚಿತ್ರವನ್ನೇ ನೋಡುತ್ತ ನಿಂತ. "ಸರ್, ಈಕೆ ಸೂಪರ್ ಮಾರ್ಕೆಟಿನ ರೊಟ್ಟಿ ಆಯಿ ಅಲ್ಲವೇ?" ಎಂದ.

ಹೌದು, ಅವಳೇ. (ಸೂಪರ್ ಮಾರ್ಕೆಟ್ ಎಂದರೆ ದೊಡ್ಡ ಅಂಗಡಿಯಲ್ಲ, ನಮ್ಮ ಊರಿನ ಒಂದು ಪೇಟೆಯ ಹೆಸರು.) ಎಂಟು ವರ್ಷಗಳಿಂದ ವಾರಕ್ಕೆ ಎರಡು ಸಲವಾದರೂ ಅವಳ ಹತ್ತಿರ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬರುತ್ತೇನೆ. ಹಾಗಿದ್ದೂ ಅರ್ಧ ಗಂಟೆ ಆ ಚಿತ್ರವನ್ನು ಕೈಯಲ್ಲಿ ಹಿಡಿದುಕೊಂಡು ನಾನು ಬರೀ ಸುಕ್ಕುಗಳನ್ನು ನೋಡಿದ್ದೆ. ಬ್ರಷ್ ಹೇಗೆ ಓಡಿದೆ, ಒಲೆಯ ಕೆಂಪು ಗದ್ದದ ಕೆಳಗೆ ಹೇಗೆ ಬಿದ್ದಿದೆ, ಕಪ್ಪಿನೊಳಗೆ ನೀಲಿ ಎಷ್ಟು ಬೆರೆಸಿದ್ದಾನೆ ಎಂಬುದನ್ನೆಲ್ಲ ನೋಡಿದ್ದೆ. ಮನುಷ್ಯಳನ್ನು ಮಾತ್ರ ನೋಡಿರಲಿಲ್ಲ. ಕೆಳಗಿನ ಚೀಟಿಯಲ್ಲಿ ಕಲಾವಿದನ ಹೆಸರು, ಆಕ್ರಿಲಿಕ್, 3 ಅಡಿ 4 ಅಡಿ, ಬೆಲೆ 35,000 ರೂಪಾಯಿ, ಶೀರ್ಷಿಕೆ 'ಗ್ರಾಮೀಣ ಸೊಬಗು'. ಆಯಿ ಬ್ರಹ್ಮಪುರದ ಒಂದು ಗಲ್ಲಿಯಲ್ಲಿ ನಲವತ್ತು ವರ್ಷಗಳಿಂದ ಇದ್ದಾಳೆ. ಅವಳಿಗಿಂತ ಶಹರದವರು ನಮ್ಮ ಶಹರದಲ್ಲಿ ಸಿಗುವುದು ಕಷ್ಟ.

(ಆಯಿಯನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಬೇರೆ ಕಡೆಯ ಓದುಗರು ಹುಬ್ಬೇರಿಸಬಾರದು. ನಮ್ಮ ಕಡೆ ಆಯಿಗೆ ಬಹುವಚನ ಹಚ್ಚಿದರೆ, ಏನು ಸಾಲ ಕೇಳಲು ಬಂದೆಯೋ ಎಂದು ಅವಳೇ ಅನುಮಾನ ಪಡುತ್ತಾಳೆ.)

ನಮ್ಮ ಪ್ರದರ್ಶನಗಳನ್ನು ನೋಡಿದವರಿಗೆ ಗೊತ್ತಿರುತ್ತದೆ: ರುಮಾಲಿನ ರೈತ, ಬೀಡಿ ಸೇದುವ ಅಜ್ಜ, ಜಟೆ ಬಿಟ್ಟ ಸಾಧು, ಕನ್ನಡಿ ಕುಪ್ಪಸದ ಲಂಬಾಣಿ ಹೆಂಗಸು. ಒಂದು ವರ್ಷದ ಚಿತ್ರಗಳನ್ನು ಇಳಿಸಿ ಮತ್ತೊಂದು ವರ್ಷದವನ್ನು ಏರಿಸಿದರೂ ಗೋಡೆಗೆ ಗೊತ್ತಾಗುವುದಿಲ್ಲ. ಸುಕ್ಕು ಹೆಚ್ಚಿದಷ್ಟೂ ಬಹುಮಾನ ಹತ್ತಿರ ಎಂಬ ಮಾತು ನಮ್ಮ ಹುಡುಗರ ಬಾಯಲ್ಲಿ ತಮಾಷೆಯಾಗಿ ಉಳಿದಿಲ್ಲ, ಲೆಕ್ಕವಾಗಿದೆ. ಆ ಸುಕ್ಕು ಯಾರದು ಎಂದು ಚೀಟಿಯಲ್ಲಿ ಬರೆದದ್ದನ್ನು ನಾನು ಇಲ್ಲಿಯವರೆಗೆ ನೋಡಿಲ್ಲ. ಶಾಸಕರದೋ ಸ್ವಾಮಿಗಳದೋ ಚಿತ್ರವಾದರೆ ಹೆಸರಿರುತ್ತದೆ, ಹೆಸರಿನ ಹಿಂದೆ ಮುಂದೆ ಬಿರುದುಗಳೂ ಇರುತ್ತವೆ. ಉಳಿದವರು 'ವೃದ್ಧ', 'ಚಿಂತೆ', 'ಬದುಕು'.

ಮೂರು ಸಾವಿರದ ಐನೂರು ರೊಟ್ಟಿ

ಮೂರನೆಯ ದಿನ ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತು ನೋಡಿ ಆಯಿಯನ್ನು ಆಟೊದಲ್ಲಿ ಕರೆದುಕೊಂಡು ಹೋದೆ. ಹೊರಡುವಾಗ ಮುಖ ತೊಳೆದುಕೊಂಡಳು, ಸೆರಗು ಕೊಡವಿ ಮತ್ತೆ ಹೊದ್ದಳು, ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದಳು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟಳು; ಬೇಡ ಎಂದರೂ ಕೇಳಲಿಲ್ಲ. ಒಳಗೆ ಹೋದ ಮೇಲೆ ಮೊದಲ ಬಹುಮಾನದ ಚಿತ್ರದ ಮುಂದೆಯೂ ನಿಂತಳು, ಸಾಧುವಿಗೆ ಕೈ ಮುಗಿದಳು. ತನ್ನ ಚಿತ್ರದ ಮುಂದೆ ಬಂದಾಗ ಏನೂ ಹೇಳಲಿಲ್ಲ. ನಾನು ಎಂದಿನ ಮೂರ್ಖ ಪ್ರಶ್ನೆ ಕೇಳಿದೆ: "ಹೋಲುತ್ತದೆಯೇ ಆಯಿ?"

ಅವಳು ಹತ್ತಿರ ಹೋದಳು, ಎಷ್ಟು ಹತ್ತಿರವೆಂದರೆ ಕುರ್ಚಿಯಲ್ಲಿ ಕುಳಿತಿದ್ದ ಸ್ವಯಂಸೇವಕ ಎದ್ದು ನಿಂತ. ಚಿತ್ರದ ಮುಖವನ್ನಲ್ಲ, ಕೈಯನ್ನು ನೋಡಿದಳು. ಆಮೇಲೆ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿಕೊಂಡಳು. ಅವಳ ಬಲಗೈಯ ಹಿಂಭಾಗದಲ್ಲಿ ಕಾದ ಹಂಚು ತಾಗಿದ ಹಳೆಯ ಸುಟ್ಟ ಗುರುತು ಇದೆ, ಅರ್ಧ ಹುಣಸೆಬೀಜದಷ್ಟು. ಅದೇ ಮುಂಗೈಯಲ್ಲಿ ತವರಿನಲ್ಲಿ ಹಾಕಿಸಿಕೊಂಡ ಹಸಿರು ಹಚ್ಚೆ. ಚಿತ್ರದಲ್ಲಿ ಗುರುತೂ ಹಚ್ಚೆಯೂ ಎಡಗೈಗೆ ಹೋಗಿದ್ದವು. ರೊಟ್ಟಿಯ ಮೇಲೆ ಬಡಿಯುತ್ತಿದ್ದದ್ದೂ ಎಡಗೈ.

"ನಾನು ಎಡಗೈಯಿಂದ ರೊಟ್ಟಿ ಬಡಿಯುತ್ತೇನೆಯೇ ತಮ್ಮಾ?" ಎಂದಳು. "ಹಾಗೆ ಬಡಿದರೆ ನನ್ನ ರೊಟ್ಟಿ ಯಾರು ತಿನ್ನುತ್ತಾರೆ?"

ಚಿತ್ರದ ಹುಟ್ಟು ಆಗ ತಿಳಿಯಿತು. ಇಬ್ಬರು ಹುಡುಗರು ಬಂದಿದ್ದರಂತೆ, ನಾಲ್ಕು ರೊಟ್ಟಿ ತೆಗೆದುಕೊಂಡು, ಅವಳಿಗೆ ಬೆನ್ನು ಹಾಕಿ, ಮೊಬೈಲ್ ಎತ್ತಿ ಹಿಡಿದು ತಮ್ಮ ಫೋಟೊ ತಾವೇ ತೆಗೆದುಕೊಂಡರಂತೆ. ಹಿಂದೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಸೆಲ್ಫಿ ಕ್ಯಾಮೆರಾ ಎಷ್ಟೋ ಮೊಬೈಲುಗಳಲ್ಲಿ ಕನ್ನಡಿಯಂತೆ ಎಡ ಬಲ ಅದಲು ಬದಲು ಮಾಡಿಯೇ ಇಟ್ಟುಕೊಳ್ಳುತ್ತದೆ. ಹುಡುಗ ತನ್ನ ಮುಖವನ್ನು ಕತ್ತರಿಸಿ ಹಾಕಿ, ಉಳಿದದ್ದನ್ನು ಕ್ಯಾನ್ವಾಸಿಗೆ ಇಳಿಸಿದ್ದಾನೆ. ಕೈ ಪಳಗಿದ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಸುಟ್ಟ ಗುರುತನ್ನೂ ಬಿಡದೆ ಬರೆದಿದ್ದಾನೆ. ಆದರೆ ಸೂಪರ್ ಮಾರ್ಕೆಟಿಗೆ ಮತ್ತೊಮ್ಮೆ ಹೋಗಿ ಅವಳ ಎದುರು ಐದು ನಿಮಿಷ ನಿಂತಿದ್ದರೆ ಕೈ ತನ್ನ ಜಾಗಕ್ಕೆ ತಾನೇ ಬರುತ್ತಿತ್ತು.

ಬೆಲೆಯ ಚೀಟಿ ಓದಿ ಹೇಳಿದೆ. ಆಯಿ ಬೆರಳು ಮಡಚಲಿಲ್ಲ, ತುಟಿಯೂ ಅಲುಗಲಿಲ್ಲ. "ಹತ್ತು ರೂಪಾಯಿಗೊಂದರಂತೆ ಮೂರು ಸಾವಿರದ ಐನೂರು ರೊಟ್ಟಿ. ದಿನಕ್ಕೆ ನೂರು ಎಂದರೂ ತಿಂಗಳ ಮೇಲೆ ಐದು ದಿನ. ಹಿಟ್ಟು, ಕಟ್ಟಿಗೆ ಬೇರೆ" ಎಂದಳು. ಸಿಟ್ಟಿನ ದನಿಯಲ್ಲ, ಅಚ್ಚರಿಯ ದನಿಯೂ ಅಲ್ಲ. ಸಂತೆಯಲ್ಲಿ ಪಕ್ಕದ ಅಂಗಡಿಯ ವ್ಯಾಪಾರ ಕೇಳಿದವರ ದನಿ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಮಾತ್ರ, ಆ ಹುಡುಗ ಬಂದರೆ ತನ್ನ ಹತ್ತಿರ ಕಳಿಸಬೇಕೆಂದು ಹೇಳಿದಳು. ಬೈಯಲು ಇರಬೇಕು ಎಂದುಕೊಂಡೆ. "ಇಲ್ಲ, ರೊಟ್ಟಿ ಹೇಗೆ ಬಡಿಯುತ್ತಾರೆಂದು ತೋರಿಸುತ್ತೇನೆ" ಎಂದಳು.

ಆವೇಶದಲ್ಲಿ ನಾನು ವಾಪಸ್ ಒಳಗೆ ಹೋಗಿ ಸಂಘಟಕರ ಮೇಜಿನ ಮುಂದೆ ನಿಂತೆ. ಬದುಕಿರುವ ಮನುಷ್ಯಳನ್ನು ಸೊಬಗು ಎಂದು ಕರೆದು ನೇತು ಹಾಕಿದ್ದೀರಿ, ಅವಳಿಗೊಂದು ಹೆಸರಿಲ್ಲವೇ, ಚೀಟಿ ಬದಲಿಸಿ ಎಂದೆಲ್ಲ ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ನನಗಿಂತ ಸಮಾಧಾನದ ಮನುಷ್ಯ. ಪೆನ್ನಿನ ಮುಚ್ಚಳ ತೆಗೆದು, ಖಾಲಿ ಚೀಟಿಯೊಂದನ್ನು ಎಳೆದುಕೊಂಡು, "ಸರಿ ಸರ್, ಹೇಳಿ. ಹೆಸರೇನು?" ಎಂದರು.

ನನಗೆ ಗೊತ್ತಿರಲಿಲ್ಲ. ಎಂಟು ವರ್ಷ ರೊಟ್ಟಿ ತಿಂದಿದ್ದೇನೆ. ಚಿಲ್ಲರೆ ಇಲ್ಲದ ದಿನ ಅವಳು ಉದ್ರಿ ಕೊಟ್ಟಿದ್ದಾಳೆ. ನನ್ನ ಹೆಂಡತಿಗೆ ಜ್ವರ ಬಂದಾಗ ಪುಂಡಿ ಪಲ್ಯ ಬೇರೆ ಕಟ್ಟಿ ಕಳಿಸಿದ್ದಾಳೆ. ಅವಳ ಹೆಸರು ಗೊತ್ತಿರಲಿಲ್ಲ.

ಇದಕ್ಕಿಂತ ಹಳೆಯ ಸಾಲವೊಂದಿದೆ. ನಾನೂ ಇಂಥ ಸ್ಪರ್ಧೆಗೆ ಚಿತ್ರ ಕಳಿಸಿದವನೇ. ಚಿತ್ರಕಲೆಯ ಹೈಯರ್ ಗ್ರೇಡ್ ಪರೀಕ್ಷೆ ಪಾಸಾದ ಹೊಸತರಲ್ಲಿ, ಗಂಜ್ ಎಂಬ ನಮ್ಮ ಧಾನ್ಯದ ಪೇಟೆಯಲ್ಲಿ ತೊಗರಿ ಚೀಲ ಹೊತ್ತು ಬಾಗಿದ್ದ ಹಮಾಲನೊಬ್ಬನ ಫೋಟೊ ತೆಗೆದು, ಚೌಕುಳಿ ಹಾಕಿ ದೊಡ್ಡದು ಮಾಡಿ, 'ಶ್ರಮಿಕ' ಎಂದು ಹೆಸರಿಟ್ಟು ಸಮಾಧಾನಕರ ಬಹುಮಾನ ಪಡೆದಿದ್ದೆ. ಆ ಚಿತ್ರ ಈಗಲೂ ನಮ್ಮ ಅಟ್ಟದ ಮೇಲಿದೆ. ಅವನ ಬೆನ್ನು ನನಗೆ ಕಣ್ಣು ಮುಚ್ಚಿದರೂ ಬರೆಯಲು ಬರುತ್ತದೆ. ಅವನ ದನಿ ಹೇಗಿತ್ತೆಂದು ಗೊತ್ತಿಲ್ಲ, ಏಕೆಂದರೆ ನಾನು ಅವನನ್ನು ಮಾತನಾಡಿಸಿರಲಿಲ್ಲ.

ಸಿಡ್ನಿಯ ಹಮಾಲರು

ರಾತ್ರಿ ನಿದ್ದೆ ಬಾರದಿದ್ದಾಗ ಮೊಬೈಲಿನಲ್ಲಿ ಬೇರೆ ದೇಶಗಳ ಭಾವಚಿತ್ರ ಸ್ಪರ್ಧೆಗಳ ಬಗ್ಗೆ ಓದುವುದು ನನಗೆ ಹತ್ತಿದ ಹೊಸ ಚಟ. ಅವುಗಳಲ್ಲಿ ಆಸ್ಟ್ರೇಲಿಯಾದ ಆರ್ಚಿಬಾಲ್ಡ್ ಬಹುಮಾನ ನನ್ನನ್ನು ಬಿಡದೆ ಹಿಡಿದುಕೊಂಡಿದೆ. 'ದಿ ಬುಲೆಟಿನ್' ವಾರಪತ್ರಿಕೆಯ ಸಂಪಾದಕನಾಗಿದ್ದ ಜೆ.ಎಫ್. ಆರ್ಚಿಬಾಲ್ಡ್ ಸಾಯುವಾಗ ಬಿಟ್ಟುಹೋದ ಹಣದಿಂದ 1921ರಲ್ಲಿ ಶುರುವಾದದ್ದು. ಮೊದಲ ವರ್ಷ 400 ಪೌಂಡ್, ಈಗ 1 ಲಕ್ಷ ಆಸ್ಟ್ರೇಲಿಯನ್ ಡಾಲರ್. ಸಿಡ್ನಿಯ ನ್ಯೂ ಸೌತ್ ವೇಲ್ಸ್ ಕಲಾ ಗ್ಯಾಲರಿಯಲ್ಲಿ ಪ್ರತಿ ವರ್ಷ ಪ್ರದರ್ಶನ. ಜನ ಸಾಲು ನಿಂತು, ದುಡ್ಡು ಕೊಟ್ಟು ನೋಡುತ್ತಾರೆ. ಕಲೆ, ಸಾಹಿತ್ಯ, ವಿಜ್ಞಾನ, ರಾಜಕಾರಣಗಳಲ್ಲಿ ಹೆಸರಾದವರ ಮುಖವಾದರೆ ಒಳ್ಳೆಯದು ಎಂದು ಆತನ ಉಯಿಲು ಹೇಳುತ್ತದೆ. ಅಲ್ಲಿಗೂ ಆಯಿಗೆ ನೇರ ಬಾಗಿಲಿಲ್ಲ ಅನ್ನಿ. ಆದರೆ ನಿಯಮಗಳಲ್ಲಿ ಒಂದು ಮಾತಿದೆ: ಯಾರ ಚಿತ್ರವೋ ಅವರು ಕಲಾವಿದನಿಗೆ ಪರಿಚಿತರಾಗಿರಬೇಕು, ತಮ್ಮ ಚಿತ್ರ ಬರೆಯಲಾಗುತ್ತಿದೆ ಎಂದು ಅವರಿಗೆ ತಿಳಿದಿರಬೇಕು, ಒಮ್ಮೆಯಾದರೂ ಅವನ ಎದುರು ಕುಳಿತಿರಬೇಕು. 1975ರಲ್ಲಿ ಜಾನ್ ಬ್ಲೂಮ್‌ಫೀಲ್ಡ್ ಎಂಬಾತ ಸಿನಿಮಾ ನಿರ್ದೇಶಕ ಟಿಮ್ ಬರ್ಸ್ಟಾಲ್‌ನ ಚಿತ್ರಕ್ಕೆ ಬಹುಮಾನ ಗೆದ್ದ. ಫೋಟೊ ನೋಡಿ ಬರೆದದ್ದೆಂದು ತಿಳಿದಾಗ ಕೊಟ್ಟ ಬಹುಮಾನವನ್ನು ವಾಪಸ್ ಪಡೆದರು. ಅದನ್ನು ಓದಿದಾಗ ನನ್ನ ಅಟ್ಟದ ಮೇಲಿನ ಹಮಾಲ ಒಮ್ಮೆ ಕೆಮ್ಮಿದಂತಾಯಿತು.

ಇದೇ ಬಹುಮಾನದಲ್ಲಿ ನನಗೆ ಬಹಳ ಇಷ್ಟವಾದ ಇನ್ನೊಂದು ಸಂಗತಿ 1991ರಿಂದ ನಡೆಯುತ್ತಿರುವ ಪ್ಯಾಕಿಂಗ್ ರೂಮ್ ಬಹುಮಾನ. ಬಂದ ಚಿತ್ರಗಳನ್ನು ಲಾರಿಯಿಂದ ಇಳಿಸಿ, ಕಟ್ಟು ಬಿಚ್ಚಿ, ಗೋಡೆಗೆ ಏರಿಸುವ ಸಿಬ್ಬಂದಿಯೇ ಆರಿಸುವ ಚಿತ್ರಕ್ಕೆ ಅದು ಸಲ್ಲುತ್ತದೆ. ಬಹಳ ವರ್ಷಗಳ ಕಾಲ ಆ ತಂಡದ ಮುಖ್ಯಸ್ಥನ ಮತಕ್ಕೆ ಶೇಕಡಾ 52ರ ತೂಕ ಎಂಬ ಮಾತು ಅಲ್ಲಿ ಪ್ರಸಿದ್ಧವಾಗಿತ್ತು; ಅಂದರೆ ಉಳಿದವರೆಲ್ಲ ಸೇರಿದರೂ ಆತನನ್ನು ಸೋಲಿಸಲಾರದವರಾಗಿದ್ದರು. ವಿದ್ವಾಂಸರ ತೀರ್ಪು ಬೇರೆ, ಹೊತ್ತವರ ತೀರ್ಪು ಬೇರೆ. ನಮ್ಮ ಜವಾನನಿಗೆ ಅಂಥದೊಂದು ಬಹುಮಾನ ಕೊಡುವ ಅಧಿಕಾರ ಇದ್ದಿದ್ದರೆ ಯಾವ ಚಿತ್ರಕ್ಕೆ ಕೊಡುತ್ತಿದ್ದ ಎಂದು ಮರುದಿನ ಅವನನ್ನೇ ಕೇಳಿದೆ. ಆಯಿಯ ಚಿತ್ರಕ್ಕೆ ಅನ್ನುತ್ತಾನೆಂದು ಕಾಯುತ್ತಿದ್ದೆ. ಅವನು ಮೂಲೆಯಲ್ಲಿದ್ದ ಒಂದು ಎಮ್ಮೆಯ ಚಿತ್ರ ತೋರಿಸಿದ. ಭಾವಚಿತ್ರ ಸ್ಪರ್ಧೆಯಲ್ಲಿ ಎಮ್ಮೆ ಹೇಗೆ ಬಂತು ಎಂಬುದು ನನಗೂ ಆಗಲೇ ಹೊಳೆದದ್ದು.

ಹಾಗೆಂದು ಎದುರು ಕುಳಿತ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. 1943ರ ಆರ್ಚಿಬಾಲ್ಡ್ ಗೆದ್ದ ವಿಲಿಯಂ ಡೋಬೆಲ್ ಬರೆದದ್ದು ತನ್ನ ಜೊತೆಯ ಕಲಾವಿದ ಜೋಶುವಾ ಸ್ಮಿತ್‌ನನ್ನು. ಉದ್ದ ಕತ್ತು, ಉದ್ದ ಕೈ, ಕಡ್ಡಿಯಂಥ ದೇಹ. ಇದು ಭಾವಚಿತ್ರವಲ್ಲ, ವ್ಯಂಗ್ಯಚಿತ್ರ ಎಂದು ಸೋತ ಕಲಾವಿದರಿಬ್ಬರು ಕೋರ್ಟಿಗೆ ಹೋದರು. 1944ರಲ್ಲಿ ನ್ಯಾಯಾಧೀಶರು ಡೋಬೆಲ್ ಪರವಾಗಿಯೇ ತೀರ್ಪು ಕೊಟ್ಟರು. ಹೋಲಿಕೆ ಎಷ್ಟಿದ್ದರೆ ಭಾವಚಿತ್ರ ಎಂದು ವಕೀಲರು ವಾದಿಸುತ್ತಿದ್ದಾಗ, ಚಿತ್ರದಲ್ಲಿದ್ದ ಮನುಷ್ಯ ಊರಿಗೆಲ್ಲ ನಗೆಪಾಟಲಾಗಿದ್ದ. ಮರುವರ್ಷದ ಬಹುಮಾನ ಅದೇ ಸ್ಮಿತ್‌ಗೆ, ಅವನು ಬರೆದ ಬೇರೊಬ್ಬರ ಚಿತ್ರಕ್ಕೆ ಬಂತು. ಆದರೂ ಆ ಹಳೆಯ ನೋವು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಕೋರ್ಟು ಗೆದ್ದ ಚಿತ್ರ 1958ರಲ್ಲಿ ಬೆಂಕಿಗೆ ಸಿಕ್ಕು ಹಾಳಾಯಿತು.

ಮುತ್ಯಾನ ಕಣ್ಣು

ಫೋಟೊ ನೋಡಿ ಬರೆಯುವವರನ್ನು ಹೀಗೆ ಹಂಗಿಸುತ್ತ ಹೋದರೆ ನನ್ನ ಮನೆಯ ಪಡಸಾಲೆಯೇ ನನ್ನನ್ನು ಕೇಳುತ್ತದೆ. ಅಲ್ಲಿ ನನ್ನ ಮುತ್ಯಾನ, ಅಂದರೆ ಅಜ್ಜನ ಚಿತ್ರವಿದೆ. ಆತ ತೀರಿಕೊಂಡಾಗ ನಾನು ಐದನೆಯ ಇಯತ್ತೆ. ಮನೆಯಲ್ಲಿದ್ದದ್ದು ಒಂದೇ ಫೋಟೊ, ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನದು. ಮುಖ ಹೆಬ್ಬೆರಳಿನ ಉಗುರಿನಷ್ಟು, ಅದೂ ಕಣ್ಣು ಮುಚ್ಚಿಕೊಂಡದ್ದು. ಅದನ್ನು ಹಿಡಿದುಕೊಂಡು ಅಪ್ಪ ಶಹಾಬಜಾರಿನ ಒಬ್ಬ ಪೇಂಟರ್ ಹತ್ತಿರ ಹೋದರು, ನಾನೂ ಜೊತೆಗಿದ್ದೆ. ಅಂಗಡಿಯ ಬೋರ್ಡು, ಲಾರಿಯ ನಂಬರು, ಸತ್ತವರ ಮುಖ, ಮೂರನ್ನೂ ಬರೆಯುವವರು ಅವರು. ಅಂಗಡಿಯ ಗೋಡೆಯ ತುಂಬ ಎಸ್.ಎಂ. ಪಂಡಿತರ ದೇವರ ಕ್ಯಾಲೆಂಡರುಗಳು, ತಾರೀಕಿನ ಹಾಳೆ ಕಿತ್ತು ಚಿತ್ರವಷ್ಟೇ ಉಳಿಸಿಕೊಂಡವು. ಪಂಡಿತರನ್ನು ಇವರು ಕಂಡವರಲ್ಲ, ಆದರೆ ಊದುಬತ್ತಿ ಮಾತ್ರ ದಿನವೂ ಬೆಳಗುತ್ತಿತ್ತು. ಕ್ಯಾಲೆಂಡರಿನ ದೇವರಿಗೋ, ಮೂಲೆಯ ಸಹಿಗೋ ಗೊತ್ತಿಲ್ಲ. 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಸಿನಿಮಾ ಪೋಸ್ಟರುಗಳಿಂದ ದೇವರ ಕ್ಯಾಲೆಂಡರಿನವರೆಗೆ ಬರೆದು, 1993ರಲ್ಲಿ ತೀರಿಕೊಂಡ ಪಂಡಿತರು ಇಂದು ನಮ್ಮ ಹುಡುಗರಿಗೆ ಒಂದು ರಂಗಮಂದಿರದ ಹೆಸರು ಅಷ್ಟೇ.

ಪೇಂಟರ್ ಆ ಫೋಟೊವನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಮೂಗು ಸಿಗುತ್ತದೆ, ಮೀಸೆ ಸಿಗುತ್ತದೆ, ಕಣ್ಣು ಎಲ್ಲಿಂದ ತರಲಿ? ಇವರ ಹಾಗೆ ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳಿದರು. ಮನೆಯಲ್ಲಿ ಪಂಚಾಯಿತಿ ನಡೆದು ಕಾಕಾನ ಕಣ್ಣು ಸರಿ ಎಂದು ತೀರ್ಮಾನವಾಯಿತು. ಕಾಕಾ ಮುತ್ಯಾನ ರುಮಾಲು ಸುತ್ತಿಕೊಂಡು ಆ ಅಂಗಡಿಯ ಸ್ಟೂಲಿನ ಮೇಲೆ ಎರಡು ಮಧ್ಯಾಹ್ನ ಕುಳಿತ. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಅಲುಗಾಡಬೇಡಿ ಎಂದು ಪೇಂಟರ್ ಬೈಯುತ್ತಿದ್ದರು. ಕಾಕಾ ಅಲುಗಾಡದಿದ್ದರೂ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಟರ್ಪೆಂಟೈನ್ ವಾಸನೆಗೆ ಎಂದು ಆಮೇಲೆ ನಮಗೆ ಹೇಳಿದ.

ಚಿತ್ರ ಬಂತು. ಹಾರ ಬಿತ್ತು, ವಿಭೂತಿ ಬಿತ್ತು. ಮುತ್ಯಾನನ್ನು ಕಂಡವರು ಅದರಲ್ಲಿ ಕಾಕಾನನ್ನು ನೋಡಿದರು, ಕಾಣದವರು ಕಾಕಾನಲ್ಲಿ ಮುತ್ಯಾನನ್ನು ನೋಡತೊಡಗಿದರು. ಹಿಂದೆ ಒಂದು ಮಾತಿಗೂ ಬೆಲೆ ಸಿಗದಿದ್ದ ಕಾಕಾನಿಗೆ ಮನೆಯಲ್ಲಿ ಹಿರಿತನ ತಾನಾಗಿ ಬಂತು. ಈಗ ಕಾಕಾನೂ ಇಲ್ಲ. ಆತನ ಫೋಟೊವನ್ನು ಪಕ್ಕದಲ್ಲೇ ಹಾಕಿದ್ದೇವೆ, ಮನೆಗೆ ಬಂದ ಹೊಸಬರು ಒಬ್ಬರನ್ನೇ ಯಾಕೆ ಎರಡು ಸಲ ಹಾಕಿದ್ದೀರಿ ಎಂದು ಕೇಳುತ್ತಾರೆ. ಸಿಡ್ನಿಯವರ ನಿಯಮಕ್ಕೆ ಈ ಚಿತ್ರ ನಿಲ್ಲುವುದಿಲ್ಲ. ಎದುರು ಕುಳಿತವನೇ ಬೇರೆ, ಗೋಡೆಯ ಮೇಲಿರುವವನೇ ಬೇರೆ. ಆದರೂ ಆ ಪೇಂಟರ್ ಮಾಡಿದ್ದನ್ನು ನಾನೂ ಮಾಡಲಿಲ್ಲ, ಸೆಲ್ಫಿಯ ಹುಡುಗನೂ ಮಾಡಲಿಲ್ಲ: ಅವರು ಕಣ್ಣನ್ನು ಕೇಳಿ ಪಡೆದರು.

ಒಂದು ತಾಸಿಗೆ ಇಪ್ಪತ್ತು ರೊಟ್ಟಿ

ಪ್ರದರ್ಶನ ಮುಗಿಯಿತು. 'ಗ್ರಾಮೀಣ ಸೊಬಗು' ಮಾರಾಟವಾಯಿತೋ ಇಲ್ಲವೋ ತಿಳಿಯದು. ಆ ಹುಡುಗನಿಗೆ ಆಯಿಯ ಮಾತು ಮುಟ್ಟಿಸಿದೆ. ನಕ್ಕ, ಹೋಗುತ್ತೇನೆ ಎಂದ, ಹೋದಂತಿಲ್ಲ. ನಾನು ಹೋದೆ. ನಿನ್ನ ಚಿತ್ರ ಬರೆಯಲೇ ಎಂದು ಕೇಳಲು ಎಂಟು ವರ್ಷದ ಗಿರಾಕಿಗೆ ಇಷ್ಟು ನಾಚಿಕೆ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ. ಕ್ಯಾಮೆರಾ ಇದ್ದರೆ ಈ ಕಷ್ಟವಿಲ್ಲ, ಒತ್ತಿದರೆ ಮುಗಿಯಿತು. ಆಯಿ ಕರಾರು ಹಾಕಿದಳು: ಎದ್ದು ಎಲ್ಲಿಗೂ ಬರುವುದಿಲ್ಲ, ರೊಟ್ಟಿ ಬಡಿಯುವುದನ್ನು ನಿಲ್ಲಿಸುವುದಿಲ್ಲ, ಗಿರಾಕಿಗೆ ಅಡ್ಡ ಕೂರಬಾರದು, ಒಂದು ತಾಸಿಗೆ ಇಪ್ಪತ್ತು ರೊಟ್ಟಿಯ ದುಡ್ಡು. ರೊಟ್ಟಿ ಬಡಿಯುತ್ತಲೇ ಇರುತ್ತೀಯಲ್ಲ, ಮತ್ತೆ ದುಡ್ಡೇಕೆ ಎಂದೆ. "ನೀನು ನೋಡುತ್ತ ಕೂತರೆ ಕೈ ನಿಧಾನವಾಗುತ್ತದೆ" ಎಂದಳು. ಅದು ನಿಜವೆಂದು ಮೊದಲ ದಿನವೇ ಗೊತ್ತಾಯಿತು.

ನಾಲ್ಕು ಭಾನುವಾರ ಕುಳಿತಿದ್ದೇನೆ. ಒಲೆಯ ಹೊಗೆ ನನ್ನ ಕಡೆಗೇ ಬರುತ್ತದೆ, ಹಿಟ್ಟು ಬಣ್ಣದ ಮೇಲೆ ಕೂರುತ್ತದೆ. ಹಿಟ್ಟಿನ ಉಂಡೆಯನ್ನು ಹಲಗೆಯ ಮೇಲಿಟ್ಟು ಅವಳು ಬಡಿಯುವಾಗ ರೊಟ್ಟಿ ತಾನೇ ತಿರುಗುತ್ತದೆ. ಬಲಗೈ ಬಡಿಯುತ್ತದೆ, ಎಡಗೈಯ ಬೆರಳ ತುದಿಗಳು ಅಂಚನ್ನು ಹಿಡಿದೂ ಹಿಡಿಯದಂತೆ ಒಂದು ಬೆರಳಿನಷ್ಟು ಮುಂದೆ ನೂಕುತ್ತವೆ. ಆ ನೂಕುವ ಎಡಗೈಯನ್ನು ನಾನು ಎಂಟು ವರ್ಷದಲ್ಲಿ ನೋಡಿರಲಿಲ್ಲ. ಹಂಚಿಗೆ ಹಾಕಿದ ಮೇಲೆ ನೀರು ಸವರಲು ಬಟ್ಟೆಯ ತುಂಡು ಹುಡುಕುವಾಗ ಅವಳು ಕೆಳತುಟಿಯನ್ನು ಒಳಗೆ ಎಳೆದುಕೊಳ್ಳುತ್ತಾಳೆ. ಅವಳ ಮುಖದಲ್ಲಿ ನಾನು ಅಂದುಕೊಂಡಷ್ಟು ಸುಕ್ಕುಗಳೂ ಇಲ್ಲ.

ಮುಂದಿನ ಸ್ಪರ್ಧೆಯ ಅರ್ಜಿ ಮೇಜಿನ ಮೇಲಿದೆ. ಕಲಾವಿದನ ಹೆಸರು, ಮಾಧ್ಯಮ, ಅಳತೆ, ಬೆಲೆ ತುಂಬಿದ್ದೇನೆ. ಶೀರ್ಷಿಕೆಯ ಜಾಗ ಖಾಲಿ. ಅಲ್ಲಿ ನಿನ್ನ ಹೆಸರು ಬರೆಯಬೇಕು, ಹೇಳು ಆಯಿ ಎಂದು ಮೊದಲ ಭಾನುವಾರವೇ ಕೇಳಿದ್ದೆ. ಪಕ್ಕದ ಬಾಳೆಹಣ್ಣಿನ ಗಾಡಿಯವನನ್ನು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದ, ಆದರೆ ಅದು ಮತ್ತೆ ಬೆನ್ನು ಹಾಕಿ ಫೋಟೊ ತೆಗೆದಂತೆಯೇ ಆಗುತ್ತಿತ್ತು. "ಮೊದಲು ಹೋಲಲಿ, ಆಮೇಲೆ ಹೆಸರು" ಎಂದಳು ಆಯಿ. ಪ್ರತಿ ವಾರ ಹೊರಡುವ ಮೊದಲು ಕ್ಯಾನ್ವಾಸ್ ತಿರುಗಿಸಿ ತೋರಿಸುತ್ತೇನೆ. ನಿನ್ನೆ ಕೈ ಒರೆಸಿಕೊಂಡು, ಹತ್ತಿರ ಬಗ್ಗಿ ನೋಡಿ, ಕೈಗಳು ಸರಿಯಾಗಿವೆ ಎಂದಳು. ಮುಖ? ಅವಳು ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿದಳು. "ಇನ್ನೆರಡು ವಾರ ಬಾ" ಎಂದಳು.